ಕವಳಿ ಹಣ್ಣು: ಬೇಲಿಯಿಂದ ಬಾಟಲಿಯವರೆಗೆ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ಚಿರೇಕಲ್ಲಿನ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಕವಳಿಯನ್ನು ದಕ್ಷಿಣ ಕನ್ನಡದವರು ಕರಂಡೆ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದು ಕ್ಯಾರಿಸ್ಸಾ ಕರಂಡಾಸ್. ಬೇಸಿಗೆಯಲ್ಲಿ ಹಣ್ಣಾಗಿ ಮಳೆಯೊಂದಿಗೆ ಮರೆಯಾಗುವ ಈ ಫಲಕ್ಕೆ ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಸ್ಥಾನ ದೊರೆತದ್ದು ಅಪರೂಪ.

ಬೇಸಾಯ: ಇದು ಮುಳ್ಳಿನ, ಸದಾ ಹಸಿರಾಗಿರುವ ಪೊದೆ. ಬೀಜದ ಮೊಳೆಯುವ ಶಕ್ತಿ ಬೇಗನೆ ಕುಂದುವುದರಿಂದ ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಸಸಿಗಳನ್ನು ಮಳೆಗಾಲದ ಆರಂಭದಲ್ಲಿ ನೆಡುವುದು ಸೂಕ್ತ. ಬೇಲಿಗಾದರೆ 1 ಮೀಟರ್ ಅಂತರ ಸಾಕು; ತೋಟವಾದರೆ 3 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 450 ಗಿಡಗಳು ಹಿಡಿಯುತ್ತವೆ. ಸಾಮಾನ್ಯವಾಗಿ ಮೂರನೆಯ ವರ್ಷದಿಂದ ಫಲ ದೊರೆಯುತ್ತದೆ. ಬೇರೂರಿದ ಗಿಡಕ್ಕೆ ಹೆಚ್ಚಿನ ಆರೈಕೆ ಬೇಕಿಲ್ಲ.

ಉಪಯೋಗ: ಎಳೆಯ ಕಾಯಿ ಉಪ್ಪಿನಕಾಯಿಗೆ ಶ್ರೇಷ್ಠ. ಪೆಕ್ಟಿನ್ ಅಂಶ ಹೇರಳವಾಗಿರುವುದರಿಂದ ಜೆಲ್ಲಿ, ಜಾಮ್‌ಗಳೂ ಚೆನ್ನಾಗಿ ಹದಗೊಳ್ಳುತ್ತವೆ. ಬೀಜ ತೆಗೆದು, ಕೆಂಪು ಬಣ್ಣ ಸೇರಿಸಿ, ಸಕ್ಕರೆ ಪಾಕದಲ್ಲಿ ನೆನೆಸಿದ ಕವಳಿಯೇ ಅನೇಕ ಬೇಕರಿಗಳಲ್ಲಿ ಹಾಗೂ ಬೀಡಾ ಅಂಗಡಿಗಳಲ್ಲಿ ‘ಚೆರ್ರಿ’ ಎನಿಸಿಕೊಳ್ಳುತ್ತದೆ. ಇಲ್ಲಿ ಎಚ್ಚರ ಅಗತ್ಯ. ಒಂದು ಆಹಾರವನ್ನು ಇನ್ನೊಂದರ ಹೆಸರಿನಲ್ಲಿ ಮಾರಿದರೆ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 52ನೇ ಕಲಮಿನಂತೆ 3 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ದಂಡಕ್ಕಿಂತ ದೊಡ್ಡ ನಷ್ಟವೆಂದರೆ, ನಮ್ಮ ನೆಲದ ಹಣ್ಣು ಪರರ ಹೆಸರಿನಲ್ಲಿ ಮಾರಾಟವಾಗಿ ತನ್ನ ಹೆಸರಿನ ಬೆಲೆಯನ್ನೇ ಕಳೆದುಕೊಳ್ಳುವುದು.

ಲೆಕ್ಕಾಚಾರ: ಕೆ.ಜಿ.ಗೆ 60 ರೂಪಾಯಿಯಂತೆ 100 ಕೆ.ಜಿ. ಕೊಂಡು, ತೊಟ್ಟು, ಬೀಜ, ಕೊಳೆತದ್ದನ್ನು ಕಳೆದು 75 ಕೆ.ಜಿ. ಉಳಿಯಿತೆಂದಿಟ್ಟುಕೊಳ್ಳೋಣ. ಆಗ ನಿಜವಾದ ಅಸಲು 60 ಅಲ್ಲ, 80 ರೂಪಾಯಿ. ಎರಡು ತಿಂಗಳಲ್ಲಿ ನಗದಾಗಿ ಕೊಂಡ ಕಾಯಿಯನ್ನು ಉಪ್ಪುನೀರಿನಲ್ಲಿಟ್ಟು ವರ್ಷವಿಡೀ ಮಾರುವಾಗ ತೊಡಗಿಸಿದ ಹಣದ ಬಡ್ಡಿಯನ್ನೂ ಸೇರಿಸಬೇಕು. ಇದನ್ನು ಮರೆತು ಬೆಲೆ ಕಟ್ಟಿದವರು ಮಾರಾಟ ಹೆಚ್ಚಿದಷ್ಟೂ ನಷ್ಟ ಅನುಭವಿಸುತ್ತಾರೆ.

ತೆರಿಗೆ: ತಾಜಾ ಹಣ್ಣಿಗೆ ಜಿ.ಎಸ್.ಟಿ. ಇಲ್ಲ. ಜಾಮ್ ಹಾಗೂ ಹಣ್ಣಿನ ಜೆಲ್ಲಿಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಸಣ್ಣ ತಯಾರಕರಿಗೆ ಇದು ಅನುಕೂಲಕರ.

ಒಂದು ವಿನಂತಿ. ಗುಡ್ಡದ ಹಣ್ಣನ್ನೇ ನಂಬಿ ಕೊಂಬೆ ಕಡಿದು ಕೊಯ್ದರೆ ಮುಂದಿನ ವರ್ಷ ಕಚ್ಚಾಮಾಲೇ ಇರದು. ಆದುದರಿಂದ ಕೊಯ್ದು ತರುವವರಿಗೆ ನ್ಯಾಯವಾದ ಬೆಲೆ ನೀಡಿ, ಬರುವ ಮಳೆಗಾಲದಲ್ಲಿ ತಮ್ಮ ಜಮೀನಿನ ತಂತಿಬೇಲಿಯ ಬದಿಗೆ ಒಂದು ಸಾಲು ಕವಳಿ ನೆಡುವುದು ಲಾಭದಾಯಕವೂ ವಿವೇಕಯುತವೂ ಆಗಿದೆ.