ಕಾರಿನ ಹೊಟ್ಟೆಯ ಮೂರು ಲೀಟರ್ ಎಣ್ಣೆ

ಪೆಟ್ರೋಲ್ ಉರಿದು ಮುಗಿಯುತ್ತದೆ, ಆದ್ದರಿಂದ ಮತ್ತೆ ಹಾಕಬೇಕು. ಇದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಎಂಜಿನ್ ಆಯಿಲ್ ಉರಿಸಲಿಕ್ಕೆ ಹಾಕಿದ್ದಲ್ಲ. ಹಾಕಿದ್ದರಲ್ಲಿ ಹೆಚ್ಚಿನ ಪಾಲು ವರ್ಷ ಕಳೆದರೂ ಎಂಜಿನ್‌ನೊಳಗೇ ಉಂಟು. "ಹಾಗಾದರೆ ಅದನ್ನು ಬದಲಿಸುವುದು ಎಂತಕ್ಕೆ ಸರ್?" ಘರ್ಷಣೆಯ ಪಾಠದ ನಡುವೆ ಒಬ್ಬಳು ಹುಡುಗಿ ಕೇಳಿದ ಪ್ರಶ್ನೆ ಇದು. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಸಣ್ಣ ಕಾರಿನ ಆಯಿಲನ್ನು ಮೊದಲ ಸಲ ನಾನೇ ಬದಲಿಸಿದೆ. ಅವಳ ಪ್ರಶ್ನೆಗೆ ಉತ್ತರ ಕೈಗೇ ಅಂಟಿಕೊಂಡು ಬಂತು ಅನ್ನಿ.

ಮೊದಲು ಒಂದು ಸಣ್ಣ ಲೆಕ್ಕ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಎಂದರೆ ಸೆಕೆಂಡಿಗೆ 50 ಸುತ್ತು. ಪ್ರತಿ ಸುತ್ತಿಗೆ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗೆ ಬರುತ್ತದೆ. ನೀವು "ಒಂದು" ಎನ್ನುವಷ್ಟರಲ್ಲಿ ಅದು ನೂರು ಸಲ ಸಿಲಿಂಡರಿನ ಗೋಡೆಯನ್ನು ಉಜ್ಜಿಕೊಂಡು ಓಡಿ ಆಯಿತು. ಲೋಹಕ್ಕೂ ಲೋಹಕ್ಕೂ ನಡುವೆ ಇರುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪದರ ಮಾತ್ರ. ಅದೇ ಎಣ್ಣೆ ಪಿಸ್ಟನ್ನಿನ ಬಿಸಿಯನ್ನು ಹೊತ್ತು ತರಬೇಕು, ಮಸಿಯನ್ನೂ ಸವೆದ ಲೋಹದ ಪುಡಿಯನ್ನೂ ಗುಡಿಸಿಕೊಂಡು ಫಿಲ್ಟರಿಗೆ ಮುಟ್ಟಿಸಬೇಕು.

ಡಬ್ಬಿಯ ಮೇಲೆ 5ಡಬ್ಲ್ಯು-30 ಎಂದು ಬರೆದಿರುವುದನ್ನು ನೋಡಿದ್ದೀರಾ? ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ನೀರ್‌ದೋಸೆಗೆ ಜೋನಿ ಬೆಲ್ಲ ಸುರಿಯುವಾಗ ಗಮನಿಸಿ: ಚಳಿಯ ಬೆಳಿಗ್ಗೆ ಅದು ಪಾತ್ರೆಯಿಂದ ಇಳಿಯಲು ಒಪ್ಪುವುದಿಲ್ಲ, ಸ್ವಲ್ಪ ಬಿಸಿ ಮಾಡಿದರೆ ನೀರಿನಂತೆ ಓಡುತ್ತದೆ. ಎಣ್ಣೆಯ ಸ್ನಿಗ್ಧತೆಯ ಕಥೆಯೂ ಹಾಗೆಯೇ. ತಣ್ಣಗಿರುವಾಗ ತೀರಾ ದಪ್ಪವಾಗಿದ್ದರೆ ಪಂಪಿಗೆ ಎತ್ತಲು ಕಷ್ಟ. ಬಿಸಿಯಾದಾಗ ತೀರಾ ತೆಳುವಾದರೆ ಪದರ ಹರಿದುಹೋಗುತ್ತದೆ. ಮೊದಲ ಅಂಕಿ ಚಳಿಯಲ್ಲಿ ಅದು ಹೇಗೆ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. ಈ ಎರಡೂ ಗುಣ ಒಟ್ಟಿಗೆ ಸಿಗಲು ಎಣ್ಣೆಗೆ ಉದ್ದುದ್ದ ಪಾಲಿಮರ್ ಅಣುಗಳನ್ನು ಸೇರಿಸುತ್ತಾರೆ. ತಣ್ಣಗಿದ್ದಾಗ ಅವು ಸುರುಳಿ ಸುತ್ತಿ ಮುದುಡಿಕೊಂಡಿರುತ್ತವೆ, ಬಿಸಿಯಾದಂತೆ ಬಿಚ್ಚಿಕೊಂಡು ಎಣ್ಣೆಯ ಓಟವನ್ನು ತಡೆಯುತ್ತವೆ.

ಈಗ ಹುಡುಗಿಯ ಪ್ರಶ್ನೆ. ಎಣ್ಣೆ ಮುಗಿಯುವುದಿಲ್ಲ, ದಣಿಯುತ್ತದೆ. ಬೇರಿಂಗ್‌ಗಳ ನಡುವೆ ಅರೆದು ಅರೆದು ಆ ಉದ್ದದ ಅಣುಗಳು ತುಂಡಾಗುತ್ತವೆ. ಬಿಸಿಯಲ್ಲಿ ಗಾಳಿಯ ಆಕ್ಸಿಜನ್ ಎಣ್ಣೆಯ ಜೊತೆ ಸೇರಿ ಅದನ್ನು ಆಮ್ಲೀಯ ಮಾಡುತ್ತದೆ. ಪಿಸ್ಟನ್ ಉಂಗುರಗಳ ಸಂದಿನಿಂದ ಮಸಿ, ಉರಿಯದ ಪೆಟ್ರೋಲ್, ನೀರಾವಿ ಕೆಳಗೆ ನುಸುಳುತ್ತವೆ. ಮನೆಯಿಂದ ಶಾಲೆಗೆ ಮೂರು-ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಕಾರಿಗೆ ಇದರಲ್ಲಿ ಹೆಚ್ಚು ತೊಂದರೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ನೀರು ಆವಿಯಾಗಿ ಹೊರಗೆ ಹೋಗುವುದೇ ಇಲ್ಲ. ಅದಕ್ಕೇ ಹಲವು ಕಾರುಗಳ ಪುಸ್ತಕದಲ್ಲಿ "10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು" ಎಂಬ ಅರ್ಥದ ಸೂಚನೆ ಇರುವುದು. ಒಂದು ಮಾತು: ಕಪ್ಪಾಯಿತು ಎಂದರೆ ಕೆಟ್ಟಿತು ಎಂದೇ ಅಲ್ಲ. ಎಣ್ಣೆಯಲ್ಲಿ ಸಾಬೂನಿನಂಥ ಗುಣದ ವಸ್ತುಗಳಿವೆ, ಅವು ಮಸಿಯನ್ನು ತಳದಲ್ಲಿ ಕೂರಲು ಬಿಡದೆ ತೇಲಿಸಿಕೊಂಡಿರುತ್ತವೆ. ಬಣ್ಣ ನೋಡಿ ತೀರ್ಪು ಕೊಡುವ ಪರಿಣತರು ಪ್ರತಿ ಊರಲ್ಲೂ ಇದ್ದಾರೆ. ನಾನು ಪುಸ್ತಕವನ್ನೇ ನಂಬುವವನು.

ಕೆಲಸ ಕಷ್ಟದ್ದಲ್ಲ, ಆದರೆ ಒಂದು ನಿಯಮಕ್ಕೆ ರಿಯಾಯಿತಿ ಇಲ್ಲ. ಜಾಕ್ ಒಂದನ್ನೇ ನಂಬಿ ಕಾರಿನ ಅಡಿಗೆ ಯಾರೂ ನುಗ್ಗಬಾರದು. ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡ ಕಲ್ಲು, ಕಾರಿನ ಭಾರ ಹೊರಲು ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ನೀವು ಮಕ್ಕಳು ಹೊರಗೆ ನಿಂತು ಸ್ಪಾನರ್ ಕೊಟ್ಟರೆ ಸಾಕು.

ಎಂಜಿನನ್ನು ಕೆಲವು ನಿಮಿಷ ಓಡಿಸಿ ಆಫ್ ಮಾಡಿದೆ. ಬೆಚ್ಚಗಿನ ಎಣ್ಣೆ ಬೇಗ ಇಳಿಯುತ್ತದೆ, ಕುದಿಬಿಸಿ ಇದ್ದರೆ ಕೈ ಸುಡುತ್ತದೆ. ತಳದ ಬೋಲ್ಟನ್ನು ಅದರ ತಲೆಯ ಎದುರಿನಿಂದ ನೋಡುವಾಗ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಮೇಲಿನಿಂದ ಬಗ್ಗಿ ನೋಡುವವರಿಗೆ ಅದೇ ದಿಕ್ಕು ಉಲ್ಟಾ ಕಾಣುತ್ತದೆ! ನಮ್ಮ ಕಾರಿನ ಬೋಲ್ಟು ಅಡ್ಡಕ್ಕೆ ಇರುವುದರಿಂದ ಮೊದಲ ಧಾರೆ ದೂರಕ್ಕೆ ಹಾರಿತು; ಮಟ್ಟ ಇಳಿದಂತೆ ಹತ್ತಿರ ಹತ್ತಿರ ಬಂತು. ಆಳ ಹೆಚ್ಚಿದಷ್ಟೂ ದ್ರವದ ಒತ್ತಡ ಹೆಚ್ಚು ಎಂದು ತೂತು ಮಾಡಿದ ಬಾಟಲಿಯಲ್ಲಿ ತೋರಿಸುತ್ತೇನಲ್ಲ, ಅದೇ ಪ್ರಯೋಗ. ಬೇಸಿನನ್ನು ಅದರ ಹಿಂದೆ ಹಿಂದೆ ಎಳೆಯುತ್ತಾ ಹೋಗಬೇಕು.

ಹೊಸ ಫಿಲ್ಟರಿನ ರಬ್ಬರಿಗೆ ಸ್ವಲ್ಪ ಹೊಸ ಎಣ್ಣೆ ಸವರಿ ಕೈಯಲ್ಲೇ ಬಿಗಿ ಮಾಡಿದರೆ ಸಾಕು. ಹಳೆಯ ರಬ್ಬರ್ ಎಂಜಿನಿಗೇ ಅಂಟಿಕೊಂಡಿಲ್ಲವಷ್ಟೇ ಎಂದು ನೋಡಬೇಕು. ಬೋಲ್ಟಿಗೆ ಹೊಸ ವಾಷರ್. ಬಿಗಿ ಎಷ್ಟು? ಸಣ್ಣ ಕಾರಿಗೆ ಸುಮಾರು 35 ನ್ಯೂಟನ್ ಮೀಟರ್ ಎಂದಿಟ್ಟುಕೊಂಡರೆ, 20 ಸೆಂಟಿಮೀಟರ್ ಉದ್ದದ ಸ್ಪಾನರಿನ ತುದಿಗೆ 175 ನ್ಯೂಟನ್ ಬಲ ಬೇಕು, ಹೆಚ್ಚುಕಡಿಮೆ 18 ಕಿಲೋ ಭಾರ ತೂಗಿದಷ್ಟು. "ಇರಲಿ" ಎಂದು ಇನ್ನೂ ಜಗ್ಗಿದರೆ ಮರೆ ಕಿತ್ತುಬರುತ್ತದೆ. ಹೊಸ ಎಣ್ಣೆಯೂ ಅಷ್ಟೇ, ಅಳತೆ ಕಡ್ಡಿಯ ಎರಡು ಗೆರೆಗಳ ನಡುವೆ ಇರಬೇಕು. ಹೆಚ್ಚಾದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ, ನೊರೆಗೆ ಲೋಹಗಳನ್ನು ದೂರ ಇಡುವ ಶಕ್ತಿ ಇಲ್ಲ.

ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಉಳಿದದ್ದು ಬೇಸಿನಿನಲ್ಲಿ ಮೂರು ಲೀಟರಿನಷ್ಟು ಕರಿ ಆಯಿಲ್. ನೆರೆಮನೆಯವರು ಬಂದು, "ಹಟ್ಟಿಯ ಕಂಬಕ್ಕೆ ಬಳಿಯಲಿಕ್ಕೆ ಕೊಡಿ, ಗೆದ್ದಲು ಬರುವುದಿಲ್ಲ" ಎಂದರು. ನಮ್ಮ ಕಡೆ ಬೇಲಿಗೂಟಕ್ಕೂ ಕಾಂಕ್ರೀಟಿನ ಹಲಗೆಗೂ ಇದನ್ನು ಬಳಿಯುವುದು ಹಳೆಯ ರೂಢಿ. ಆದರೆ ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕಂಬದ ಎಣ್ಣೆ ಬುಡಕ್ಕೆ ಇಳಿಯುತ್ತದೆ, ಬುಡದಿಂದ ಮಣ್ಣಿಗೆ. ನಮ್ಮ ಮುರಕಲ್ಲು ತೂತು ತೂತಾದ ಕಲ್ಲು. ಅದರೊಳಗೆ ನೀರು ಜಿನುಗುವುದರಿಂದಲೇ ಬಾಯಾರು, ಎಣ್ಮಕಜೆ ಕಡೆ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ಕುಡಿಯುವ ನೀರು ತೆಗೆಯಲು ಆಗುವುದು. ನೀರು ಹೋಗುವ ದಾರಿಯಲ್ಲಿ ಎಣ್ಣೆಯ ಅಂಶವೂ ಹೋಗಬಹುದು. ಒಂದು ಲೀಟರ್ ಎಣ್ಣೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗದಷ್ಟು ದಪ್ಪದ ಪದರವಾಗಿ ಹರಡಿದರೆ ಎಷ್ಟು ಜಾಗ ಮುಚ್ಚುತ್ತದೆ, ಲೆಕ್ಕ ಹಾಕಿ. ಸಾವಿರ ಚದರ ಮೀಟರ್, ಸುಮಾರು ಕಾಲು ಎಕರೆ ಕೆರೆ! ಬಳಸಿದ ಎಣ್ಣೆಯಲ್ಲಿ ಸತು, ತಾಮ್ರದಂಥ ಲೋಹಗಳ ಜೊತೆ ಕ್ಯಾನ್ಸರ್ ತರಬಲ್ಲ ಹೈಡ್ರೋಕಾರ್ಬನ್‌ಗಳೂ ಇರುತ್ತವೆ. ಕೈಗವಸು ಹಾಕಬೇಕಾದದ್ದು ಅದಕ್ಕೇ.

ನೆರೆಯವರಿಗೆ ಇದನ್ನೆಲ್ಲ ಹೇಳಿದೆ, ಅವರು ಅರ್ಧ ನಂಬಿದರು. ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಎಣ್ಣೆಯೂ ಉಂಟು. ಅದೇ ಹೊತ್ತಿಗೆ ಅದು ಕಸವೂ ಅಲ್ಲ. ಮೂಲ ಎಣ್ಣೆ ಬಹುಪಾಲು ಹಾಗೆಯೇ ಇರುತ್ತದೆ, ಸೇರಿಸಿದ ವಸ್ತುಗಳು ಸೋತಿರುತ್ತವೆ, ಕೊಳೆ ಕೂಡಿರುತ್ತದೆ. ನೀರು ತೆಗೆದು, ನಿರ್ವಾತದಲ್ಲಿ ಬಟ್ಟಿ ಇಳಿಸಿದರೆ ಮತ್ತೆ ಎಣ್ಣೆ ತಯಾರಿಸಬಹುದು. ಹಾಗಾಗಿ ಹೊಸ ಆಯಿಲ್ ಬಂದಿದ್ದ ಕ್ಯಾನಿಗೇ ಹಳೆಯದನ್ನು ತುಂಬಿಸಿ, ಮುಚ್ಚಳ ಬಿಗಿದು, ಹಳೆಯ ಆಯಿಲ್ ಎಂದು ಬರೆದು ಪೇಟೆಯ ಗ್ಯಾರೇಜಿಗೆ ಕೊಟ್ಟೆ. ಅಲ್ಲಿ ಮೂಲೆಯಲ್ಲಿ ಇನ್ನೂರು ಲೀಟರಿನ ಡ್ರಮ್ ಇತ್ತು, ಅರ್ಧಕ್ಕಿಂತ ಮೇಲೆ ತುಂಬಿತ್ತು.

ನಿಮ್ಮ ಊರಿನ ಗ್ಯಾರೇಜಿನಲ್ಲೂ ಅಂಥದ್ದೊಂದು ಡ್ರಮ್ ಇರಬಹುದು. ತುಂಬಲು ಎಷ್ಟು ದಿನ ಬೇಕು, ತುಂಬಿದ ಮೇಲೆ ಯಾರು ಬಂದು ಒಯ್ಯುತ್ತಾರೆ, ಎಲ್ಲಿಗೆ ಒಯ್ಯುತ್ತಾರೆ ಎಂದು ಕೇಳಿ ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಗೆ ಕಳುಹಿಸೋಣ.