ಬಿಳಿಯ ಮೈ, ಬಡ ರಕ್ತ

ಭಾಲ್ಕಿ, ಔರಾದಗಳ ಎರೆಹೊಲಗಳಲ್ಲಿ ದುಡಿಯುವ ದೇವಣಿ ದನಗಳಲ್ಲಿ ಬಣ್ಣದ ಮೂರು ಬಗೆಗಳುಂಟು. ಮೈಯೆಲ್ಲ ಬಿಳಿದಾದುದು ಬಾಲಂಕ್ಯಾ. ಬಿಳಿಯ ಮೈ, ಮುಖದಲ್ಲಿ ಮಾತ್ರ ಕಪ್ಪಿರುವುದು ವಾನೇರಾ. ಬಿಳುಪಿನ ಮೇಲೆ ಕಪ್ಪು ಮಚ್ಚೆ ಚೆಲ್ಲಿದುದು ಶೇವರಾ. ಆಕಳು ಕಪ್ಪಾದರೆ ಹಾಲು ಕಪ್ಪೇ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಹೊರಗಿನ ಬಣ್ಣಕ್ಕೂ ಒಳಗಿನ ಗುಣಕ್ಕೂ ನಂಟಿಲ್ಲವೆಂಬುದು ಅದರ ಇಂಗಿತ. ಆದರೆ ಹಾಲನ್ನು ಬಿಟ್ಟು ರಕ್ತದ ಮಾತೆತ್ತಿದರೆ, ಇಲಿಗಳು ಈ ಗಾದೆಯನ್ನು ಪೂರ್ತಿಯಾಗಿ ಒಪ್ಪುವುದಿಲ್ಲ.

ಅಮೆರಿಕದ ಜಾಕ್ಸನ್ ಪ್ರಯೋಗಶಾಲೆಯಲ್ಲಿ ಎಲಿಜಬೆತ್ ರಸೆಲ್ ಎಂಬ ವಿದುಷಿ ದೀರ್ಘಕಾಲ ಅಭ್ಯಸಿಸಿದ ಇಲಿಗಳಲ್ಲಿ ‘ಡಬ್ಲ್ಯು’ ಎಂಬ ಜೀನು ವಿಕೃತಗೊಂಡಿತ್ತು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಆ ವಿಕೃತಿ ಬಂದರೆ ಹೊಟ್ಟೆಯ ಮೇಲೊಂದು ಬಿಳಿಯ ಮಚ್ಚೆ, ಅಷ್ಟೆ. ಇಬ್ಬರಿಂದಲೂ ಬಂದರೆ ಕಣ್ಣು ಕಪ್ಪಾಗಿಯೇ ಇದ್ದು ತುಪ್ಪಳವೆಲ್ಲ ಬಿಳಿದಾಗುವುದು; ರಕ್ತದ ಕೆಂಪುಕಣಗಳು ಸಂಖ್ಯೆಯಲ್ಲಿ ಕುಗ್ಗುವುವು. ತೀವ್ರ ವಿಕೃತಿಯುಳ್ಳ ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುವುವು. (ಕೆಂಗಣ್ಣಿನ ಬಿಳಿ ಇಲಿಯ ಸಂಗತಿ ಬೇರೆ. ಅದರಲ್ಲಿ ಬಣ್ಣದ ಕಣಗಳಿದ್ದರೂ ಬಣ್ಣ ತಯಾರಾಗದು, ರಕ್ತ ನೆಟ್ಟಗಿರುತ್ತದೆ.) ‘ಸ್ಟೀಲ್’ ಎಂಬ ಇನ್ನೊಂದು ಜೀನು ಕೆಟ್ಟರೂ ಬಹುಮಟ್ಟಿಗೆ ಇದೇ ಪಾಡು.

ಎರಡು ಜೀನುಗಳು, ಲಕ್ಷಣ ಒಂದೇ. ಹಾಗಾದರೆ ಊನ ಒಂದೇ ಕಡೆ ಇದೆಯೆ? ಔರಾದಿನ ಎರೆಯಲ್ಲಿ ಬಿತ್ತಿದ ತೊಗರಿ ಮೊಳೆಯಲಿಲ್ಲವೆನ್ನಿ. ಕೆಟ್ಟದ್ದು ಬೀಜವೋ ನೆಲವೋ? ಆ ಬೀಜವನ್ನು ಬೀದರ ನಗರದ ಸುತ್ತಣ ಕೆಂಪುಮಣ್ಣಿನಲ್ಲಿಯೂ, ಬೇರೆಯವರ ಬೀಜವನ್ನು ನಮ್ಮ ಎರೆಯಲ್ಲಿಯೂ ಬಿತ್ತಿದರೆ ತಿಳಿದೀತು. ವಿಜ್ಞಾನಿಗಳು ಮಾಡಿದ್ದೂ ಅದನ್ನೇ. ಆರೋಗ್ಯವಂತ ಇಲಿಯ ಅಸ್ಥಿಮಜ್ಜೆಯನ್ನು ಡಬ್ಲ್ಯು ಇಲಿಗೆ ಸೇರಿಸಿದಾಗ ರಕ್ತಹೀನತೆ ಮಾಯವಾಯಿತು: ಅಲ್ಲಿ ಕೆಟ್ಟದ್ದು ಬೀಜ. ಸ್ಟೀಲ್ ಇಲಿಗೆ ಅದೇ ಮಜ್ಜೆ ಕೊಟ್ಟರೂ ಫಲವಾಗಲಿಲ್ಲ. ಆದರೆ ಸ್ಟೀಲ್ ಇಲಿಯ ಮಜ್ಜೆ ಡಬ್ಲ್ಯು ಇಲಿಯನ್ನು ಗುಣಪಡಿಸಿತು! ಇಲ್ಲಿ ಬೀಜ ಗಟ್ಟಿ, ನೆಲ ಬರಡು. 1960ರ ದಶಕದಲ್ಲಿ ಟೊರಾಂಟೊ ನಗರದ ಮೆಕಲಕ್ ಮತ್ತು ಟಿಲ್ ಈ ಕೆಲಸದಲ್ಲಿ ಮುಂದಾಳುಗಳು. ಟಿಲ್ ಭೌತವಿಜ್ಞಾನದಿಂದ ಬಂದವರೆಂಬುದು ನನ್ನಂಥವರಿಗೆ ಹೆಮ್ಮೆಯ ವಿಷಯ.

1988ರಲ್ಲಿ ಡಬ್ಲ್ಯು ಜೀನಿನ ಗುಟ್ಟು ಬಯಲಾಯಿತು: ಅದು ಜೀವಕಣದ ಹೊರಪೊರೆಯಲ್ಲಿ ‘ಕಿಟ್’ ಎಂಬ ಬೀಗವನ್ನು ನಿರ್ಮಿಸುತ್ತದೆ. ಅದಕ್ಕೊಪ್ಪುವ ಕೀಲಿಕೈಯನ್ನು ಸುತ್ತಣ ಕಣಗಳು ಸ್ಟೀಲ್ ಜೀನಿನ ಆಣತಿಯಂತೆ ತಯಾರಿಸುತ್ತವೆಂದು 1990ರಲ್ಲಿ ತಿಳಿಯಿತು. ಈ ಕೀಲಿ ತಿರುಗದೆ ರಕ್ತದ ಮೂಲಕಣಗಳು ವೃದ್ಧಿಯಾಗಲಾರವು. ಬಣ್ಣದ ಕಣಗಳೂ ಬದುಕಲಾರವು. ಬಣ್ಣದ ಕಣಗಳು ಭ್ರೂಣದ ಬೆನ್ನಿನ ಬಳಿ ಹುಟ್ಟಿ ಮೈಯೆಲ್ಲ ಹರಡಬೇಕು. ಬಲ ಸಾಲದವು ದೂರದ ಹೊಟ್ಟೆಯನ್ನು ಮುಟ್ಟುವುದೇ ಇಲ್ಲ.

ಬಾಲಂಕ್ಯಾ ಎತ್ತಿನ ಒಡೆಯರು ಇದನ್ನೋದಿ ಗಾಬರಿಪಡಬೇಕಾಗಿಲ್ಲ. ಎಲ್ಲ ಬಿಳುಪೂ ರಕ್ತಹೀನತೆಯ ಗುರುತಲ್ಲ. ಮನುಷ್ಯರಲ್ಲಿಯೂ ಕಿಟ್ ಜೀನಿನ ಒಂದು ಪ್ರತಿ ಕೆಟ್ಟಾಗ ಹುಟ್ಟಿನಿಂದಲೇ ಹಣೆಯ ಮೇಲೊಂದು ಬಿಳಿಯ ಕೂದಲ ಗೊಂಚಲು, ಮೈಮೇಲೆ ಬಿಳಿ ಮಚ್ಚೆಗಳು ಕಾಣುವುದುಂಟು. ರಕ್ತ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಇದನ್ನು ತೊನ್ನೆಂದು ಬಗೆದು ಹೆಣ್ಣು ಕೊಡಲು ತರಲು ಹಿಂಜರಿಯುವುದು ಅನ್ಯಾಯ. ತೊನ್ನಿನಲ್ಲಿ ಇದ್ದ ಬಣ್ಣದ ಕಣಗಳು ಆಮೇಲೆ ಅಳಿಯುತ್ತವೆ; ಇಲ್ಲಿ ಅವು ಅಲ್ಲಿಗೆ ಬಂದೇ ಇಲ್ಲ. ಎರಡೂ ಅಂಟುವಂಥವಲ್ಲ.

2001ರಿಂದ ಬಳಕೆಯಲ್ಲಿರುವ ಇಮಾಟಿನಿಬ್ ಎಂಬ ಔಷಧ ಒಂದು ಬಗೆಯ ರಕ್ತದ ಕ್ಯಾನ್ಸರನ್ನು ಹತ್ತಿಕ್ಕುತ್ತದೆ. ಜೊತೆಗೆ ಕಿಟ್ ಬೀಗಕ್ಕೂ ಅಡ್ಡಿಮಾಡುತ್ತದೆ. ಅದನ್ನು ಸೇವಿಸುವ ಕೆಲವರ ಚರ್ಮ ತಿಳಿಯಾಗುವುದನ್ನು ವೈದ್ಯರು ಕಂಡಿದ್ದಾರೆ.