ಮನೆಗೆ ಪ್ರೊಜೆಕ್ಟರ್ ಕೊಳ್ತೀರಾ? ಬಾಕ್ಸ್ ಮೇಲಿನ '4ಕೆ', 'ಲುಮೆನ್ಸ್' ನಂಬುವ ಮುನ್ನ ಇದನ್ನು ಓದಿ

ಗೋಡೆ ತುಂಬ 100 ಇಂಚಿನ ಚಿತ್ರ, ಅದೂ ದೊಡ್ಡ ಟಿವಿಗಿಂತ ಕಡಿಮೆ ಬೆಲೆಗೆ! ಹೋಮ್ ಪ್ರೊಜೆಕ್ಟರ್‌ಗಳ ಜಾಹೀರಾತು ನೋಡಿದರೆ ಆಸೆಯಾಗುವುದು ಸಹಜ. ಆದರೆ ಬಾಕ್ಸ್ ಮೇಲೆ ದಪ್ಪ ಅಕ್ಷರದಲ್ಲಿರುವ ಸಂಖ್ಯೆಗೂ ಗೋಡೆಯ ಮೇಲೆ ಮೂಡುವ ಚಿತ್ರಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಹಣ ಕೊಡುವ ಮುನ್ನ ಈ ನಾಲ್ಕು ಅಂಶಗಳನ್ನು ಗಮನಿಸಿ.

1. ಆನ್ಸಿ ಲುಮೆನ್ಸ್ ಎಷ್ಟು?
ಬರೀ 'ಲುಮೆನ್ಸ್' ಎಂದಿದ್ದರೆ ಅದು ಒಳಗಿನ ಬಲ್ಬ್‌ನ ಬೆಳಕಿನ ಲೆಕ್ಕವೂ ಆಗಿರಬಹುದು. ಲೆನ್ಸ್ ದಾಟಿ ಹೊರಬರುವಷ್ಟರಲ್ಲಿ ಅದರಲ್ಲಿ ಬಹುಪಾಲು ಕಳೆದುಹೋಗುತ್ತದೆ. ಆನ್ಸಿ ಲುಮೆನ್ಸ್ ಹಾಗಲ್ಲ. ಪರದೆಯ ಒಂಬತ್ತು ಕಡೆ ಬೆಳಕು ಅಳೆದು, ಸರಾಸರಿ ತೆಗೆದು ಲೆಕ್ಕ ಹಾಕುವ ಈ ವಿಧಾನವನ್ನು ಅಮೆರಿಕದ ಮಾನದಂಡ ಸಂಸ್ಥೆ 1992ರಲ್ಲಿ ರೂಪಿಸಿತು.

ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಬಿಡಲಾರದು. ಬೆಳಕು ಬೀಳದ ಗೋಡೆಯೇ ಅದರ ಕಪ್ಪು. ಹಗಲು ಕಿಟಕಿ ತೆರೆದಿದ್ದರೆ ಚಿತ್ರ ಮಾಸಿದಂತೆ ಕಾಣುವುದು ಇದಕ್ಕೇ. ಕತ್ತಲು ಮಾಡಿದ ಕೋಣೆಗೆ ಸುಮಾರು 500 ಆನ್ಸಿ ಲುಮೆನ್ಸ್ ಇದ್ದರೂ ನಡೆಯುತ್ತದೆ. ಲೈಟ್ ಹಾಕಿರುವ ಹಾಲ್‌ಗೆ 2000ಕ್ಕಿಂತ ಹೆಚ್ಚು ಬೇಕು. ಚಿತ್ರವನ್ನು 50 ಇಂಚಿನಿಂದ 100 ಇಂಚಿಗೆ ಹಿಗ್ಗಿಸಿದರೆ ಪ್ರಖರತೆ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದೂ ನೆನಪಿರಲಿ.

2. ನೇಟಿವ್ ರೆಸಲ್ಯೂಷನ್ ಯಾವುದು?
'4ಕೆ ಸಪೋರ್ಟ್' ಎಂದರೆ 4ಕೆ ವಿಡಿಯೋವನ್ನು ಸ್ವೀಕರಿಸುತ್ತದೆ ಎಂದಷ್ಟೇ ಅರ್ಥ. ತೋರಿಸುವುದು ತನ್ನಲ್ಲಿರುವಷ್ಟೇ ಪಿಕ್ಸೆಲ್‌ಗಳನ್ನು. ನಿಜವಾದ 4ಕೆಗೆ 3840x2160 ಪಿಕ್ಸೆಲ್ ಬೇಕು. ಫುಲ್ ಎಚ್‌ಡಿ ಎಂದರೆ 1920x1080. ನೇಟಿವ್ 1280x720 ಇದ್ದರೆ ಅದು ಬರೀ ಎಚ್‌ಡಿ. ಸ್ಪೆಸಿಫಿಕೇಷನ್ ಪಟ್ಟಿಯಲ್ಲಿ 'ನೇಟಿವ್' ಎಂಬ ಪದದ ಮುಂದಿರುವ ಸಂಖ್ಯೆಯನ್ನೇ ನೋಡಿ.

3. ನಿಮ್ಮ ಕೋಣೆಗೆ ಹೊಂದುತ್ತದೆಯೇ?
ಗೋಡೆಗೂ ಪ್ರೊಜೆಕ್ಟರ್‌ಗೂ ಇರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಸಿಗುವುದೇ 'ಥ್ರೋ ರೇಶಿಯೋ'. 100 ಇಂಚಿನ ಚಿತ್ರದ ಅಗಲ ಸುಮಾರು 2.2 ಮೀಟರ್. ರೇಶಿಯೋ 1.2 ಇದ್ದರೆ ಪ್ರೊಜೆಕ್ಟರ್ ಅನ್ನು ಸುಮಾರು 8.7 ಅಡಿ ದೂರದಲ್ಲಿಟ್ಟರೆ ಸಾಕು. 1.5 ಆದರೆ ಸುಮಾರು 11 ಅಡಿ ಬೇಕು. ಮುಂಬೈ, ಪುಣೆ ಫ್ಲ್ಯಾಟ್‌ಗಳ 10 ಅಡಿ ಬೆಡ್‌ರೂಮ್‌ನಲ್ಲಿ ಅದು ಕೂರುವುದೇ ಇಲ್ಲ. ಜಾಗ ಕಡಿಮೆ ಇದ್ದವರಿಗೆ ಶಾರ್ಟ್ ಥ್ರೋ ಮಾದರಿಗಳಿವೆ, ಬೆಲೆ ಮಾತ್ರ ಹೆಚ್ಚು.

ಓರೆಯಾಗಿಟ್ಟು 'ಕೀಸ್ಟೋನ್'ನಿಂದ ಚಿತ್ರ ಸರಿಪಡಿಸಬಹುದು. ಆದರೆ ಡಿಜಿಟಲ್ ಕೀಸ್ಟೋನ್ ಅಂಚಿನ ಪಿಕ್ಸೆಲ್‌ಗಳನ್ನು ಬಿಟ್ಟುಬಿಡುವುದರಿಂದ ಸ್ಪಷ್ಟತೆ ತಗ್ಗುತ್ತದೆ.

4. ಬೆಳಕಿನ ಮೂಲ, ಆ್ಯಪ್
ಹಳೆಯ ಮಾದರಿಯ ಲ್ಯಾಂಪ್‌ಗಳು ಸಾಮಾನ್ಯವಾಗಿ ಕೆಲವು ಸಾವಿರ ಗಂಟೆ ಬಾಳುತ್ತವೆ, ನಂತರ ಬದಲಿಸಬೇಕು. ಎಲ್‌ಇಡಿ ಮತ್ತು ಲೇಸರ್‌ಗೆ ಕಂಪನಿಗಳು 20,000 ಗಂಟೆಯ ಆಸುಪಾಸು ಬಾಳಿಕೆ ಹೇಳುತ್ತವೆ. ಆಂಡ್ರಾಯ್ಡ್ ಇದ್ದ ಮಾತ್ರಕ್ಕೆ ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಬರುತ್ತದೆ ಎಂದೇನಿಲ್ಲ, ಅದಕ್ಕೆ ಪ್ರಮಾಣೀಕರಣ ಬೇಕು. ಇಲ್ಲದಿದ್ದರೆ ಎಚ್‌ಡಿಎಂಐ ಪೋರ್ಟ್‌ಗೆ ಪ್ರತ್ಯೇಕ ಸ್ಟ್ರೀಮಿಂಗ್ ಸ್ಟಿಕ್ ಹಾಕಬೇಕಾಗುತ್ತದೆ.

ಕೊನೆಗೊಂದು ಸಲಹೆ
ಆನ್ಸಿ ಲುಮೆನ್ಸ್ ಮತ್ತು ನೇಟಿವ್ ರೆಸಲ್ಯೂಷನ್, ಇವೆರಡನ್ನೂ ನಮೂದಿಸದ ಮಾದರಿಯಿಂದ ದೂರವಿರುವುದೇ ಒಳಿತು. ಖರೀದಿಸಿದ ಮೇಲೆ ವಾಪಸಾತಿ ಅವಧಿ ಮುಗಿಯುವುದರೊಳಗೆ ಹಗಲಲ್ಲೊಮ್ಮೆ, ರಾತ್ರಿಯಲ್ಲೊಮ್ಮೆ ಹಾಕಿ ನೋಡಿ.